ತಡವಾಗಿ ಬಂದ ದಂಡ

ಶಂಕರಪುರಂನ ಶಂಕರ ಮಠದ ಬಳಿಯ ಮನೆಯೊಂದಕ್ಕೆ 2024ರ ಬೇಸಿಗೆಯಲ್ಲಿ ಇಟಲಿಯಿಂದ ರಿಜಿಸ್ಟರ್ಡ್ ಲಕೋಟೆ ಬಂತು. ಸಹಿ ಹಾಕಿ ಪಡೆದ ರಾಯರು ಒಡೆದು ಓದಿದರು. ಯಾರಿಗೂ ಹೇಳದೆ ಅದನ್ನು ಪಂಚಾಂಗದೊಳಗೆ ಸೇರಿಸಿಟ್ಟರು.

ಹಿಂದಿನ ವರ್ಷ ಅಲ್ಲಿ ಓದುತ್ತಿದ್ದ ಮಗಳನ್ನು ನೋಡಲು ಹೋದಾಗ ಅವರು ಬಾಡಿಗೆ ಕಾರು ಓಡಿಸಿದ್ದರು. ಫ್ಲಾರೆನ್ಸ್ ಬಳಿ 70 ಕಿ.ಮೀ. ಮಿತಿಯ ರಸ್ತೆಯಲ್ಲಿ 92ರ ವೇಗ. ಕ್ಯಾಮೆರಾ ನೋಡಿತ್ತು, ರಾಯರು ನೋಡಿರಲಿಲ್ಲ. ಕೆಲವು ತಿಂಗಳ ನಂತರ ಕಾರಿನ ಕಂಪನಿ ಕ್ರೆಡಿಟ್ ಕಾರ್ಡಿನಿಂದ ಒಂದಿಷ್ಟು ಹಣ ಮುರಿದುಕೊಂಡಾಗ, ಅಲ್ಲಿಗೆ ಲೆಕ್ಕ ಮುಗಿಯಿತೆಂದುಕೊಂಡಿದ್ದರು. ಅದು ಪೊಲೀಸರಿಗೆ ಇವರ ಹೆಸರು, ವಿಳಾಸ ಕೊಟ್ಟಿದ್ದಕ್ಕೆ ಕಂಪನಿ ಪಡೆದ ಶುಲ್ಕವಷ್ಟೆ. ದಂಡದ ನೋಟಿಸ್ ಹೊರದೇಶದವರಿಗೆ ಕಳಿಸಲು ಇಟಲಿಯ ಕಾನೂನಿನಲ್ಲಿ 360 ದಿನಗಳ ಅವಕಾಶವಿದೆ.

ದಂಡ 173 ಯೂರೊ, ಅಂಚೆ ಖರ್ಚು ಬೇರೆ. 5 ದಿನದೊಳಗೆ ಕಟ್ಟಿದರೆ ಶೇಕಡ 30 ರಿಯಾಯಿತಿ. 60 ದಿನ ದಾಟಿದರೆ ಸುಮಾರು ದುಪ್ಪಟ್ಟು. ಬೆಳಗಿನ ವಾಕಿಂಗ್‌ನಲ್ಲಿ ಯಾರದೋ ಕಥೆಯೆಂಬಂತೆ ಇದನ್ನು ಹೇಳಿದಾಗ ಗೆಳೆಯರೊಬ್ಬರು, "ಶಂಕರಪುರಕ್ಕೆ ಬಂದು ಯಾರು ಕೇಳ್ತಾರೆ, ಹರಿದು ಹಾಕೋಕೆ ಹೇಳಿ" ಎಂದರು.

ರಾಯರಿಗೂ ಹಾಗೇ ಅನ್ನಿಸಿತ್ತು. ತೊಡಕು ಇದ್ದದ್ದು ಮನೆಯಲ್ಲಿ. ಕಾಲೇಜಿಗೆ ಹೋಗುವ ಮಗ 2023ರ ಜನವರಿಯಲ್ಲಿ ರಾಮಕೃಷ್ಣ ಆಶ್ರಮದ ಬಳಿ ಸಿಗ್ನಲ್ ಜಂಪ್ ಮಾಡಿದ್ದಕ್ಕೆ, ಅವನ ಪಾಕೆಟ್ ಮನಿಯಿಂದಲೇ 500 ರೂಪಾಯಿ ಕಟ್ಟಿಸಿದ್ದರು. ಮರುತಿಂಗಳೇ ಸರ್ಕಾರ ಬಾಕಿ ಇದ್ದ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಿತು. ಬೆಂಗಳೂರಿನ ಜನ ಸಾಲುಗಟ್ಟಿ ನಿಂತರು. "ಕಾದಿದ್ರೆ 250 ಉಳೀತಿತ್ತು" ಎಂದ ಮಗನಿಗೆ, "ತಪ್ಪಿನಲ್ಲಿ ಚೌಕಾಸಿ ಇಲ್ಲ ಕಣೋ" ಎಂದು ಉಪದೇಶವನ್ನೂ ಮಾಡಿದ್ದರು.

ಮೂರನೆಯ ದಿನ ಏಕಾದಶಿ ಯಾವತ್ತೆಂದು ನೋಡಲು ಹೆಂಡತಿ ಪಂಚಾಂಗ ತೆಗೆದರು. ಲಕೋಟೆ ಜಾರಿ ಮಗನ ಕಾಲ ಬಳಿ ಬಿತ್ತು. ಓದಿದ ಮಗ ನಗಲಿಲ್ಲ. "ಅಣ್ಣಾ, ಕಟ್ತೀರಾ?" ಎಂದಷ್ಟೇ ಕೇಳಿದ. ನಕ್ಕಿದ್ದರೆ ರಾಯರು ಗದರಿ ತಪ್ಪಿಸಿಕೊಳ್ಳಬಹುದಿತ್ತು.

ಅಂದು ರಾತ್ರಿಯೇ ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು, ನೋಟಿಸಿನ ಸಂಖ್ಯೆ, ಕಾರಿನ ನಂಬರು ಎರಡೆರಡು ಸಲ ಓದಿಸಿ, ಕಾರ್ಡಿನಲ್ಲಿ ಹಣ ಕಟ್ಟಿದರು. ರಸೀದಿ ಬಂದ ಮೇಲೆ ಮಗ, "52 ಯೂರೊ ಉಳೀತು. ಅಲ್ಲಿ ಬೇಗ ಕಟ್ಟಿದವರಿಗೆ ರಿಯಾಯಿತಿ, ಇಲ್ಲಿ ತಡಮಾಡಿದವರಿಗೆ" ಎಂದ.

ರಾಯರು ಮಾತಾಡದೆ ಪರ್ಸಿನಿಂದ 250 ರೂಪಾಯಿ ತೆಗೆದು ಅವನ ಮುಂದಿಟ್ಟರು.

ಮಗ ಮುಟ್ಟಲಿಲ್ಲ. "ಚೌಕಾಸಿ ಇಲ್ಲಾಂತ ನೀವೇ ಹೇಳಿದ್ರಲ್ಲಾ" ಎಂದ.