ಒಂದು ಕಟ್ಟು ಹಸಿರು

ಗಿನಿಯಿಲಿ ಮುಸುಕಿನ ಜೋಳದ ಗರಿ ತಿನ್ನುವುದನ್ನು ಪಕ್ಕದಲ್ಲೇ ಕೂತು ನೋಡಬೇಕು. ತುದಿ ಬಾಯಿಗೆ ಸಿಕ್ಕಿತೆಂದರೆ ಮುಂಗಾಲಿನ ಹಂಗೂ ಬೇಡ. ಹೊಲಿಗೆ ಯಂತ್ರದ ಸೂಜಿಯಡಿ ಬಟ್ಟೆ ಸರಿದ ಹಾಗೆ ಇಡೀ ಗರಿ ಒಳಗೆ ಸರಿಯುತ್ತದೆ. ದವಡೆ ಒಂದೇ ಸಮ ಆಡುತ್ತಿರುತ್ತದೆ, ಕಣ್ಣು ಮಾತ್ರ ನನ್ನ ಕೈಯಲ್ಲಿ ಉಳಿದ ಗರಿಯ ಮೇಲೆ. ಬೆಳಗಿನ ಕಾಫಿ ಆರಿಹೋದರೂ ಎದ್ದು ಹೋಗಲು ಮನಸ್ಸು ಬಾರದು.

ಅವುಗಳಿಗೆ ಹುಲ್ಲು ಹೊಟ್ಟೆ ತುಂಬಿಸಲಿಕ್ಕಷ್ಟೇ ಅಲ್ಲ. ಮುಂಬಲ್ಲು, ದವಡೆಹಲ್ಲು ಎರಡೂ ಜೀವ ಇರುವ ತನಕ ಬೆಳೆಯುತ್ತಲೇ ಇರುತ್ತವೆ. ನಾರಿನ ಹುಲ್ಲನ್ನು ಅರೆಯುತ್ತಿದ್ದರೇ ಅವು ಹದವಾಗಿ ಸವೆಯುವುದು. ಅದಕ್ಕೇ ಗೂಡಿನಲ್ಲಿ ಹಗಲೂ ರಾತ್ರಿ ಒಣಹುಲ್ಲು ಇರಲೇಬೇಕು. ಆದರೆ ಒಣಗಿದ್ದೊಂದೇ ಸಾಲದು. ವಿಟಮಿನ್ ಸಿಯನ್ನು ಮೈಯೊಳಗೇ ತಯಾರಿಸಿಕೊಳ್ಳುವ ಶಕ್ತಿ ನಮಗಿಲ್ಲದ ಹಾಗೆ ಅವಕ್ಕೂ ಇಲ್ಲ. 1907ರಲ್ಲಿ ನಾರ್ವೆಯ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಧಾನ್ಯ ತಿನ್ನಿಸಿದ ಗಿನಿಯಿಲಿಗಳಿಗೆ, ಹಿಂದೆ ಹಡಗಿನವರನ್ನು ಕೊಲ್ಲುತ್ತಿದ್ದ ಸ್ಕರ್ವಿಯೇ ಬಂದದ್ದನ್ನು ತೋರಿಸಿದರು. ಅದನ್ನು ತಡೆದದ್ದು ಎಲೆಕೋಸಿನಂಥ ಹಸಿ ಆಹಾರ. ಹಾಗಾಗಿ ಕೊತ್ತಂಬರಿ, ನುಗ್ಗೆಯ ಎಳೆ ಕಡ್ಡಿ, ತರಕಾರಿಯವರು ಕಿತ್ತೆಸೆಯುವ ಹೂಕೋಸಿನ ಹೊರ ಎಲೆ, ಎಲ್ಲವೂ ನನ್ನ ಚೀಲ ಸೇರುತ್ತವೆ. ಚೀಲ ಸರಸರ ಎಂದರೆ ಸಾಕು, ಒಳಕೋಣೆಯಿಂದ ಸೀಟಿ!

ಈ ಜೀವದ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಗಳು. ಪೆರುವಿನ ಹಳ್ಳಿಗಳಲ್ಲಿ ಸಾವಿರಾರು ವರ್ಷಗಳಿಂದ ಅದನ್ನು ಮಾಂಸಕ್ಕಾಗಿ ಸಾಕುತ್ತಾರೆ. ಎಷ್ಟೋ ಮನೆಗಳಲ್ಲಿ ಒಲೆಯ ಬಿಸುಪಿಗೆ ಅಡುಗೆಮನೆಯ ನೆಲದಲ್ಲೇ ಓಡಾಡಿಕೊಂಡಿರುತ್ತದೆ. ಅಲ್ಲಿ ಅದಕ್ಕೆ ಹಾಕುವ ಮುಖ್ಯ ಮೇವು ಆಲ್ಫಾಲ್ಫಾ, ಅಂದರೆ ನಮ್ಮ ರೈತರ ಕುದುರೆ ಮೆಂತೆ. ಕೊಯ್ದ ಸೊಪ್ಪನ್ನು ಹಾಗೇ ಹಾಕುವುದಿಲ್ಲ, ನೆರಳಲ್ಲಿ ಹರಡಿ ಸ್ವಲ್ಪ ಬಾಡಿಸುತ್ತಾರೆ. ಹಸಿ, ಒದ್ದೆ ಸೊಪ್ಪು ಹೊಟ್ಟೆಯಲ್ಲಿ ಹುದುಗಿ ಉಬ್ಬರ ತರುತ್ತದೆ. ಇಬ್ಬನಿ ಆರುವ ಮುಂಚೆ ದನಕ್ಕೆ ಕುದುರೆ ಮೆಂತೆ ಹಾಕಬೇಡ ಎನ್ನುವ ನಮ್ಮೂರಿನವರ ಮಾತಿಗೂ ಕಾರಣ ಅದೇ. ಸುಣ್ಣದಂಶ ಹೆಚ್ಚಿರುವ ಸೊಪ್ಪು ಬೇರೆ. ಬೆಳೆದ ಗಿನಿಯಿಲಿಗೆ ದಿನಾ ಹಾಕುತ್ತಿದ್ದರೆ ಮೂತ್ರಕೋಶದಲ್ಲಿ ಕಲ್ಲು ಕಟ್ಟೀತು.

ಕೆಲವು ಎಲೆಗಳನ್ನಂತೂ ಹತ್ತಿರವೇ ಸೇರಿಸಬಾರದು. ಆಲೂಗಡ್ಡೆ, ಟೊಮೆಟೊ ಗಿಡದ ಎಲೆ, ಈರುಳ್ಳಿ ಸೊಪ್ಪು, ದನವನ್ನೂ ಕೆಡಹುವ ಬಿಳಿಜೋಳದ ಎಳೆ ಪೈರು.

ಉಳಿದ ವಿಷಯದಲ್ಲಿ ರುಚಿಯ ತೀರ್ಮಾನ ನನ್ನ ಮನೆಯ ಎರಡು ಗಿನಿಯಿಲಿಗಳದೇ. ಗೆಣಸಿನ ಬಳ್ಳಿ, ಹಿಪ್ಪುನೇರಳೆ ಎಲೆ ಕೊಟ್ಟರೆ ಕಂದು ಹೆಣ್ಣು ಮೊದಲು ಎಲೆಯನ್ನು ಮೂಸಿ ಪಕ್ಕಕ್ಕಿಟ್ಟು ತೊಟ್ಟನ್ನೇ ಕಡಿಯುತ್ತದೆ. ಬಿಳಿಯದಕ್ಕೆ ಎಲೆಯಂಚೇ ಬೇಕು. ಹೀಗೆ ಒಂದೇ ಕಡ್ಡಿಯನ್ನು ಎರಡೂ ಜಗಳವಿಲ್ಲದೆ ಹಂಚಿಕೊಂಡಾಗ ನನಗೆ ಹೇಳತೀರದ ಸಂತೋಷ.

ಕಂದು ಹೆಣ್ಣು ಈಗ ಮರಿ ಹಾಕಿದೆ. ಇಲಿಮರಿಯ ಹಾಗೆ ಬೆತ್ತಲೆ, ಕುರುಡು ಅಲ್ಲ. ಎರಡು ತಿಂಗಳಿಗೂ ಮಿಕ್ಕಿ ಬಸಿರಲ್ಲಿದ್ದು ರೋಮ, ಹಲ್ಲು, ತೆರೆದ ಕಣ್ಣಿನೊಂದಿಗೇ ಹುಟ್ಟಿದ್ದು. ಮರುದಿನವೇ ತಾಯಿಯ ಬಾಯಿಂದ ಜಾರಿದ ಕೊತ್ತಂಬರಿ ಎಸಳಿಗೆ ಹಲ್ಲು ಹಾಕಿತು. ಹಾಲೂಡುವ ತಾಯಿಗೂ ಬೆಳೆಯುವ ಮರಿಗೂ ಸುಣ್ಣದಂಶ ಬೇಕು, ಆದ್ದರಿಂದ ಬಾಡಿಸಿದ ಕುದುರೆ ಮೆಂತೆ ಸದ್ಯಕ್ಕೆ ಅವರ ಪಾಲು. ಬಿಳಿಯದಕ್ಕೆ ಗರಿಕೆ ಸಾಕು.