ನೀರು ಎಷ್ಟು ಗಂಟೆಗೆ ಬರುತ್ತದೆ?

ನಮ್ಮೂರು ಕಂಪ್ಲಿ ಹತ್ತಿರದ ಮೆಟ್ರಿ. ಇಲ್ಲಿಂದ ಸಮುದ್ರ ನೋಡಬೇಕೆಂದರೆ ರಾತ್ರಿಯೆಲ್ಲ ಬಸ್ಸಿನಲ್ಲಿ ಕುಳಿತು ಘಟ್ಟ ಇಳಿಯಬೇಕು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಎಲ್‌ಟಿಸಿ ಮೇಲೆ ಎರಡು ಸಲ ಸಮುದ್ರ ನೋಡಿದ್ದೆ, ಒಮ್ಮೆ ಗೋಕರ್ಣದಲ್ಲಿ, ಒಮ್ಮೆ ಕನ್ಯಾಕುಮಾರಿಯಲ್ಲಿ. ಎರಡೂ ಕಡೆ ಎಲ್ಲರ ಚಪ್ಪಲಿ ಕಾಯುವ ಕೆಲಸವನ್ನು ನಾನೇ ಕೇಳಿ ಪಡೆದಿದ್ದೆ.

ಅಂಥವನು ಹೋದ ನವೆಂಬರಿನಲ್ಲಿ ಒಂದು ತಿಂಗಳು ದ್ವೀಪದ ಮೇಲೆಯೇ ಇದ್ದು ಬಂದೆ. ಮಗ ಬಹರೈನಿನಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. "ಅಪ್ಪಾ, ನಾಲ್ಕು ವಾರದ ರಜೆ ಸಿಗ್ತಾವ. ಯಾವ ಬೀಚಿಗೆ ಹೋಗೋಣ, ನೀವೇ ಹೇಳ್ರಿ" ಎಂದ. ನನಗೇನು ಗೊತ್ತು? ಉತ್ತರ ಕೊಟ್ಟವಳು ಒಂಬತ್ತು ವರ್ಷದ ಮೊಮ್ಮಗಳು ಪುಟ್ಟಿ. ಫೋನಿನಲ್ಲಿ ಒಂದು ಚಿತ್ರ ತೋರಿಸಿದಳು. ಸುತ್ತ ನೀಲಿ ನೀರು, ನಡುವೆ ಬಿಳಿ ಮರಳಿನ ಒಂದು ಪಟ್ಟಿ. ಮರವಿಲ್ಲ, ಮನೆಯಿಲ್ಲ. "ತಾತ, ಇದು ಜರಾದಾ. ಇದು ದಿನಾ ಮುಳುಗಿ ದಿನಾ ಏಳುತ್ತೆ!"

ಮಗನಿಗೆ ಹವಾರ್ ದ್ವೀಪಗಳ ಆಸೆ. ಅಲ್ಲಿ ನೀರುಕಾಗೆಗಳು ಸಾವಿರಗಟ್ಟಲೆ ಗೂಡು ಕಟ್ಟುತ್ತವೆ. ಸೊಸೆಗೆ ಅಂಗಡಿ ಹೋಟೆಲು ಹತ್ತಿರವಿರುವ ಅಮ್ವಾಜ್ ಬೇಕು. ನಮ್ಮಾಕಿಗೆ ಮೊಣಕಾಲು ನೋವು, ಹಾಗಾಗಿ ನೆರಳು, ಕುರ್ಚಿ, ಶುದ್ಧವಾದ ಶೌಚಾಲಯ ಇವು ಮೂರಿದ್ದರೆ ಯಾವ ಬೀಚಾದರೂ ಸೈ. ನನ್ನ ಆಸೆಯನ್ನು ಮಾತ್ರ ಹೊರಗೆ ಹೇಳಲಿಲ್ಲ. ನೀರಿಲ್ಲದ ಬೀಚು ಇದ್ದರೆ ಅದು ನನಗೆ ಬೇಕಾಗಿತ್ತು.

ಮೊದಲ ಶುಕ್ರವಾರ ಸಿಕ್ಕಿದ್ದೂ ಅಂಥದ್ದೇ.

ಬಹರೈನ್ ಕೋಟೆ ಕಡಲ ಪಕ್ಕದ ಒಂದು ದಿಬ್ಬದ ಮೇಲಿದೆ. ನಮ್ಮ ಹಂಪಿಯ ಹಾಗೆ ಇದೂ ವಿಶ್ವ ಪರಂಪರೆಯ ತಾಣ. 2005ರಲ್ಲಿ ಪಟ್ಟಿಗೆ ಸೇರಿತು. ಕೋಟೆಯ ಕೆಳಗೆ ಒಂದರ ಮೇಲೊಂದು ಊರುಗಳು ಹೂತುಹೋಗಿವೆ. ತಳದಲ್ಲಿರುವುದು ನಾಲ್ಕು ಸಾವಿರ ವರ್ಷ ಹಿಂದಿನ ದಿಲ್ಮುನ್ ಎಂಬ ನಾಡು. ಮಕ್ಕಳೇ, ನಿಮ್ಮ ಪಾಠದಲ್ಲಿ ಹರಪ್ಪದ ತೂಕದ ಕಲ್ಲುಗಳ ವಿಷಯ ಬರುತ್ತದಲ್ಲ, ಅಂಥ ಕಲ್ಲುಗಳು ಇಲ್ಲಿಯೂ ಸಿಕ್ಕಿವೆ. ಅಷ್ಟು ಹಳೆಯ ವ್ಯಾಪಾರ ನಮ್ಮದು.

ಕೋಟೆ ನೋಡಿ ಕೆಳಗಿಳಿದರೆ ಸಮುದ್ರವೇ ಇಲ್ಲ! ಬಕೆಟ್ಟು, ಟವೆಲ್ಲು ಹಿಡಿದು ಹೋಗಿದ್ದೆವು. ನೀರು ಎಲ್ಲೋ ದೂರದಲ್ಲಿ ಗೆರೆಯಂತೆ ಹೊಳೆಯುತ್ತಿತ್ತು. ನಡುವೆ ಕೆಸರು, ಮರಳು, ಅಲ್ಲಲ್ಲಿ ಮಡುಗಳು. ಈ ಕೊಲ್ಲಿ ಬಹಳ ಆಳವಿಲ್ಲ. ಸರಾಸರಿ 35 ಮೀಟರ್ ಅಷ್ಟೆ. 49 ಮೀಟರ್ ಎತ್ತರದ ನಮ್ಮ ತುಂಗಭದ್ರಾ ಅಣೆಕಟ್ಟನ್ನು ತಂದು ನಿಲ್ಲಿಸಿದರೆ ತಲೆ ಹೊರಗೇ ಇರುತ್ತದೆ. ದಡದ ಹತ್ತಿರವಂತೂ ತಟ್ಟೆಯ ಹಾಗೆ ಮಟ್ಟಸ. ನೀರು ಒಂದಾಳು ಇಳಿದರೂ ಸಾಕು, ನೆಲ ಬಹಳ ದೂರದವರೆಗೆ ತೆರೆದುಕೊಳ್ಳುತ್ತದೆ.

ಪುಟ್ಟಿ ಏಡಿ ಹುಡುಕುತ್ತ ಹೊರಟಳು. ನೀರಿಲ್ಲವೆಂಬ ಧೈರ್ಯದ ಮೇಲೆ ನಾನೂ ಹಿಂದೆ ಹೋದೆ. ಒಂದು ತಗ್ಗು ದಾಟಿದೆವು, ಇನ್ನೊಂದು ದಾಟಿದೆವು. ಏಡಿ ಸಿಕ್ಕವು, ಚಿಪ್ಪು ಸಿಕ್ಕವು, ಮಾತೂ ಬೆಳೆಯಿತು. ಹಿಂದಿರುಗಿ ನೋಡಿದಾಗ ಬರುವಾಗ ಒಣಗಿದ್ದ ತಗ್ಗು ತುಂಬಿತ್ತು.

ಸಮುದ್ರ ಅಲೆಯಾಗಿ, ಸದ್ದು ಮಾಡಿ ಎದುರಿನಿಂದ ಬರುತ್ತದೆ ಎಂದುಕೊಂಡಿದ್ದೆ. ಇದು ಹಾಗಲ್ಲ. ಗದ್ದೆಗೆ ಕಾಲುವೆ ನೀರು ಬಿಟ್ಟ ಹಾಗೆ, ತಗ್ಗು ಹಿಡಿದು ಸದ್ದಿಲ್ಲದೆ ನಮ್ಮ ಬೆನ್ನ ಹಿಂದೆ ಬಂದಿತ್ತು. ಪುಟ್ಟಿಯ ಮುಂಗೈ ಹಿಡಿದು ನಡೆಸಿದೆ. ನನಗೆ ಮೊಣಕಾಲುದ್ದ, ಅವಳಿಗೆ ಸೊಂಟ. ಅವಳು ನಗುತ್ತಿದ್ದಳು. ನನಗೆ ಬಾಯಿಂದ ಮಾತು ಹೊರಡಲಿಲ್ಲ. ಕೆಸರಿನಲ್ಲಿ ಒಂದು ಚಪ್ಪಲಿ ಹೋಯಿತು. ದಡ ಸೇರಿದಾಗ ಅವಳ ಮುಂಗೈಯಲ್ಲಿ ನನ್ನ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು.

"ಯಾಕ್ರೀ, ಕೈ ಹಿಂಗ ನಡುಗ್ತಾವ?" ಎಂದು ರಾತ್ರಿ ನಮ್ಮಾಕಿ ಕೇಳಿದಳು. ಕೇಳಿದಳೇ ಹೊರತು ಅವಳಿಗೆ ಕಾರಣ ಗೊತ್ತು. ನನಗೆ ಹನ್ನೆರಡು ವರ್ಷವಿದ್ದಾಗ ಕಂಪ್ಲಿಯ ಹೊಳೆಯಲ್ಲಿ ನನ್ನ ತಮ್ಮ ಹೋದ. ಅವನ ಅಂಗಿ, ಚಪ್ಪಲಿ ಹಿಡಿದು ದಡದಲ್ಲಿ ನಿಂತಿದ್ದವನು ನಾನು. ಅವನಿಗೂ ಒಂಬತ್ತೇ ವರ್ಷ. ಅಂದಿನಿಂದ ಹಂಪಿಯ ಚಕ್ರತೀರ್ಥದಲ್ಲಿ ಕೂಡ ನಾನು ಚೊಂಬಿನಲ್ಲಿ ನೀರು ಮೊಗೆದು ತಲೆಗೆ ಹಾಕಿಕೊಳ್ಳುವವನೇ, ಇಳಿಯುವವನಲ್ಲ.

ಇನ್ನು ಬೀಚಿನ ಸಹವಾಸ ಬೇಡ ಎಂದುಬಿಡುವುದು ಸುಲಭವಿತ್ತು. ಅಷ್ಟರಲ್ಲಿ ಅಲ್ಲಿನ ಕನ್ನಡ ಸಂಘದಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರು ಪರಿಚಯವಾದರು. ನನ್ನ ಕಥೆ ಕೇಳಿ ನಕ್ಕು, "ನೀವು ಬೀಚನ್ನು ಆರಿಸಿದಿರಿ, ಹೊತ್ತನ್ನು ಆರಿಸಲಿಲ್ಲ" ಎಂದರು. ಕಾಗದದ ಮೇಲೆ ಬರೆದು ಹೇಳಿಕೊಟ್ಟರು. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಒಂದರಿಂದ ಇನ್ನೊಂದಕ್ಕೆ ಸುಮಾರು ಆರು ಗಂಟೆ. ಚಂದ್ರ ದಿನವೂ ತಡವಾಗಿ ಹುಟ್ಟುವುದರಿಂದ ನೀರೂ ದಿನಕ್ಕೆ ಸುಮಾರು 50 ನಿಮಿಷ ತಡ. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಏರಿಳಿತ ಜೋರು, ಅಷ್ಟಮಿಯ ಸುಮಾರಿಗೆ ಸೌಮ್ಯ.

ಅಷ್ಟಮಿ ಎಂದಕೂಡಲೇ ನಮ್ಮಾಕಿ ಕಿವಿ ನೆಟ್ಟಗೆ ಮಾಡಿದಳು. ಪೆಟ್ಟಿಗೆಯ ತೂಕ ಹೆಚ್ಚಾಯಿತೆಂದು ನಾನು ಬೈದಿದ್ದರೂ ಅವಳು ಪಂಚಾಂಗ ತಂದಿದ್ದಳು! ನಾನು ಒಂದು ನೋಟುಬುಕ್ಕಿಗೆ ಗೆರೆ ಎಳೆದೆ. ಎಡಕ್ಕೆ ಜಮಾ ಅಂದರೆ ಉಬ್ಬರ, ಬಲಕ್ಕೆ ಖರ್ಚು ಅಂದರೆ ಇಳಿತ. ಮಗ ಫೋನಿನಲ್ಲಿ ಸಮಯ ನೋಡಿ ಹೇಳುವುದು, ನಾನು ಬರೆದುಕೊಳ್ಳುವುದು, ಪುಟ್ಟಿ ಕೂಡಿ ಕಳೆದು ತಾಳೆ ನೋಡುವುದು.

(ಲೆಕ್ಕದ ಮಾತು ಬಂತೆಂದು ಇದನ್ನೂ ಹೇಳಿಬಿಡುತ್ತೇನೆ. ಅಲ್ಲಿನ ಒಂದು ದಿನಾರಿಗೆ ಸಾವಿರ ಫಿಲ್ಸ್, ಹಾಗಾಗಿ ಲೆಕ್ಕದಲ್ಲಿ ಬಿಂದುವಿನ ನಂತರ ಮೂರು ಅಂಕಿ. 1965ರಲ್ಲಿ ದಿನಾರ್ ಬರುವವರೆಗೆ ಅಲ್ಲಿ ನಡೆಯುತ್ತಿದ್ದುದು ರೂಪಾಯಿ. ಕೊಲ್ಲಿಯ ನಾಡುಗಳಿಗೆಂದೇ 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕ್ ಬೇರೆ ನೋಟುಗಳನ್ನು ಹೊರಡಿಸಿತ್ತು. ಹತ್ತು ರೂಪಾಯಿ ಕೊಟ್ಟರೆ ಒಂದು ದಿನಾರ್ ಸಿಗುತ್ತಿತ್ತು. ಇವತ್ತು ಇನ್ನೂರಕ್ಕೂ ಮೇಲೆ. ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.)

ಎರಡನೆಯ ವಾರ ಪಂಚಾಂಗದ ಅಪ್ಪಣೆಯಂತೆ ಅಲ್ ಜಝಾಯರ್ ಬೀಚಿಗೆ ಹೋದೆವು. ದ್ವೀಪದ ನೈಋತ್ಯ ದಿಕ್ಕಿನ ಸಾರ್ವಜನಿಕ ಬೀಚು ಅದು. ದಾರಿ ಬಿಟ್ಟು ಮರುಭೂಮಿಯ ನಡುವೆ ಒಂಟಿಯಾಗಿ ನಿಂತ 'ಬದುಕಿನ ಮರ'ವನ್ನೂ ನೋಡಿದೆವು. ಸುಮಾರು ನಾನೂರು ವರ್ಷದ ಮರ. ಅದು ಯಾವ ಮರ ಗೊತ್ತೇ? ನಮ್ಮ ಬನ್ನಿ! ನಮ್ಮಾಕಿ ದೂರದಿಂದಲೇ ಕೈ ಮುಗಿದು, "ಇಲ್ಲಿ ಬಂದು ನಿಂತೀಯೇನವ್ವ" ಎಂದಳು.

ಬೀಚಿನಲ್ಲಿ ನೀರು ಹಿಡಿದಿಟ್ಟ ಹಾಗೆ ನಿಂತಿತ್ತು. ಸೀರೆಯುಟ್ಟವರಿಗೆ, ಬುರ್ಖಾ ತೊಟ್ಟವರಿಗೆ ಯಾರಿಗೂ ಸಂಕೋಚವಿಲ್ಲ. ಮನೆಮಂದಿಯೆಲ್ಲ ಚಾಪೆ ಹಾಸಿ ಕುಳಿತಿದ್ದರು. ನನ್ನ ವಯಸ್ಸಿನವರಿಗೆ ಈ ಬೀಚೇ ಸರಿ ಎಂದು ನನ್ನ ತೀರ್ಮಾನ. ನೀರಿನಲ್ಲಿ ನಡೆಯುವಾಗ ಪಾದ ಎತ್ತಿ ಇಡಬಾರದು, ಮರಳಿನಲ್ಲಿ ಎಳೆಯುತ್ತ ನಡೆಯಬೇಕು ಎಂದು ಕುಂದಾಪುರದವರು ಹೇಳಿದ್ದರು. ಮರಳಡಿ ಅಡಗಿರುವ ತೊರಕೆ ಮೀನು ತುಳಿತಕ್ಕೆ ಸಿಕ್ಕರೆ ಬಾಲದ ಮುಳ್ಳು ಚುಚ್ಚುತ್ತದೆ. ಸದ್ದಾದರೆ ಅದೇ ದೂರ ಸರಿಯುತ್ತದೆ. ನಾವೆಲ್ಲ ಕಾಲೆಳೆಯುತ್ತ ನಡೆದೆವು. ನಾನು ಮೊಣಕಾಲಿನವರೆಗೆ ಮಾತ್ರ.

ಮೂರನೆಯ ವಾರ ಗಾಳಿ ಜೋರಿತ್ತು. ಹವಾರ್ ದೂರದ ಪಯಣ, ಅಷ್ಟು ಹೊತ್ತು ದೋಣಿಯಲ್ಲಿ ನಮ್ಮಾಕಿಯ ಹೊಟ್ಟೆ ತಡೆಯುವುದಿಲ್ಲ ಎಂದು ಅದನ್ನು ಕೈಬಿಟ್ಟೆವು. ಬದಲಿಗೆ ಮುಹರ್ರಕ್ ಪಟ್ಟಣದಲ್ಲಿ ಮುತ್ತಿನ ಹಾದಿ ನಡೆದೆವು. ಹಳೆಯ ಮುತ್ತಿನ ವ್ಯಾಪಾರಿಗಳ ಮನೆಗಳು, ದೋಣಿಗಳು ಹೊರಡುತ್ತಿದ್ದ ಬು ಮಾಹಿರ್ ಕೋಟೆಯ ದಡ, ಕಡಲೊಳಗಿನ ಚಿಪ್ಪಿನ ಹಾಸುಗಳು ಎಲ್ಲ ಸೇರಿ 2012ರಲ್ಲಿ ವಿಶ್ವ ಪರಂಪರೆಯಾಗಿವೆ. ವಿಜಯನಗರಕ್ಕೆ ಹೊರ್ಮುಜಿನಿಂದ ಕುದುರೆಗಳು ಬರುತ್ತಿದ್ದುದೂ ಇದೇ ಕೊಲ್ಲಿಯ ಬಾಯಿಯಿಂದ ಎಂದು ಪುಟ್ಟಿಗೆ ಹೇಳಿದೆ. ಹಂಪಿಯ ಹಜಾರರಾಮ ಗುಡಿಯ ಗೋಡೆಯ ಮೇಲಿನ ಕುದುರೆ ಸಾಲು ಅವಳಿಗೆ ನೆನಪಿತ್ತು.

ಮುಳುಗುಗಾರ ಮೂಗಿಗೆ ಚಿಮಟಿ ಹಾಕಿ, ಕಾಲಿಗೆ ಕಲ್ಲು ಕಟ್ಟಿಕೊಂಡು ತಳಕ್ಕೆ ಇಳಿಯುತ್ತಿದ್ದ. ಮೇಲೆ ದೋಣಿಯಲ್ಲಿ ಅವನ ಹಗ್ಗ ಹಿಡಿದವನಿಗೆ 'ಸೈಬ್' ಎಂದು ಹೆಸರು. ಕೆಳಗಿನಿಂದ ಹಗ್ಗ ಜಗ್ಗಿದರೆ ಎಳೆದುಕೊಳ್ಳಬೇಕು. ಕಡಲ ತಳದಲ್ಲಿ ಸಿಹಿನೀರಿನ ಊಟೆಗಳಿದ್ದವು. ಮುಳುಗಿ ತೊಗಲಿನ ಚೀಲಕ್ಕೆ ಕುಡಿಯುವ ನೀರು ತುಂಬಿಕೊಂಡು ಬರುತ್ತಿದ್ದರು. ಬಹರೈನ್ ಎಂದರೆ ಎರಡು ಕಡಲು ಎಂದರ್ಥ. ಒಂದು ಉಪ್ಪು, ಒಂದು ಸಿಹಿ ಎಂದು ಜನ ಹೇಳುತ್ತಾರೆ. ಮುಳುಗುಗಾರರು ಮುಂಗಡ ಸಾಲದಲ್ಲಿ ಮುಳುಗಿರುತ್ತಿದ್ದರು, ಅಪ್ಪನ ಸಾಲ ಮಗನ ತಲೆಗೆ ಬರುತ್ತಿತ್ತು. 1920ರ ದಶಕದಲ್ಲಿ ಪ್ರತಿ ಮುಳುಗುಗಾರನಿಗೂ ಲೆಕ್ಕದ ಪುಸ್ತಕ ಇರಬೇಕೆಂಬ ನಿಯಮ ಬಂತು. ಪಾಸ್‌ಬುಕ್ಕು! ಆಮೇಲೆ ಜಪಾನಿನ ಸಾಕಿದ ಮುತ್ತು ಮಾರುಕಟ್ಟೆಗೆ ಬಂತು, 1932ರಲ್ಲಿ ಇಲ್ಲಿ ಎಣ್ಣೆ ಸಿಕ್ಕಿತು, ಮುಳುಗುವ ಕಸುಬು ನಿಂತಿತು.

ಪುಟ್ಟಿಗೆ ಇದರಲ್ಲೆಲ್ಲ ಹಿಡಿಸಿದ್ದು ಸೈಬ್‌ನ ಕೆಲಸ.

ಕೊನೆಯ ವಾರ ಹಗಲಿನಲ್ಲಿ ಇಳಿತವಿದ್ದ ದಿನ ನೋಡಿ ಜರಾದಾಕ್ಕೆ ದೋಣಿ ಗೊತ್ತು ಮಾಡಿದೆವು. ನೋಟುಬುಕ್ಕಿನ ಲೆಕ್ಕಕ್ಕೂ ದೋಣಿಯವನ ಲೆಕ್ಕಕ್ಕೂ ಹತ್ತು ನಿಮಿಷದ ವ್ಯತ್ಯಾಸ ಮಾತ್ರ. ನಾನು ಒಂದು ಷರತ್ತು ಹಾಕಿದ್ದೆ. ದೋಣಿ ಹತ್ತುವ ಮೊದಲೇ ಎಲ್ಲರೂ ಲೈಫ್ ಜಾಕೆಟ್ ತೊಡಬೇಕು, ಮನೆಗೆ ಬಂದ ಮೇಲೆಯೇ ಬಿಚ್ಚಿದರೂ ಚಿಂತೆಯಿಲ್ಲ.

ಈ ಮರಳ ದಿಬ್ಬ ಯಾರದೆಂದು ಕತಾರಿಗೂ ಬಹರೈನಿಗೂ ಜಗಳವಿತ್ತು. 2001ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯ ಇದು ಬಹರೈನಿನದೇ ಎಂದಿತು. ಆ ತೀರ್ಪಿನ ಪ್ರಕಾರ ಉಬ್ಬರದಲ್ಲಿ ಉಳಿಯುವ ನೆಲ 12 ಮೀಟರ್ ಉದ್ದ, 4 ಮೀಟರ್ ಅಗಲ. ಇಳಿತದಲ್ಲಿ 600 ಮೀಟರ್ ಉದ್ದ, 75 ಮೀಟರ್ ಅಗಲ. ಬೆಳಗ್ಗೆ ಒಂದು ಪಡಸಾಲೆ, ಮಧ್ಯಾಹ್ನ ಒಂದು ಕೇರಿ!

ನಮ್ಮಾಕಿ ದೋಣಿಯ ನೆರಳಿನಲ್ಲೇ ಮಂಡಕ್ಕಿ ಒಗ್ಗರಣೆಯ ಡಬ್ಬಿ ಕಾಯುತ್ತ ಕುಳಿತಳು. ನಾವು ಇಳಿದೆವು. ಪುಟ್ಟಿ ನನ್ನ ಜಾಕೆಟ್ಟಿಗೆ ಒಂದು ಹಗ್ಗ ಕಟ್ಟಿ, ತುದಿ ಹಿಡಿದು ಮರಳಿನ ಮೇಲೆ ನಿಂತಳು. "ನಾನು ಸೈಬ್. ನೀವು ಹೋಗಿ ತಾತ. ಭಯ ಆದ್ರೆ ಜಗ್ಗಿ."

ಮೊಣಕಾಲು ದಾಟಿದೆ. ಸೊಂಟ ದಾಟಿದೆ. ಎದೆಯವರೆಗೆ ಬಂದಾಗ ಮಗ ಪಕ್ಕಕ್ಕೆ ಬಂದು ಬೆನ್ನಿಗೆ ಕೈ ಕೊಟ್ಟ. ಕಾಲು ನೆಲ ಬಿಟ್ಟಿತು. ಬೇರೆ ಸಮುದ್ರಗಳಿಗಿಂತ ಇಲ್ಲಿ ಉಪ್ಪು ಹೆಚ್ಚು, ಆದ್ದರಿಂದ ಮೈ ತೇಲುವುದು ಸುಲಭ ಎಂದು ಅವನು ಹೇಳುತ್ತಿದ್ದ. ನನಗೆ ಆಕಾಶ ಮಾತ್ರ ಕಾಣುತ್ತಿತ್ತು. ಎಷ್ಟು ಹೊತ್ತು ಹಾಗಿದ್ದೆನೋ. ಕೊನೆಗೆ ಹಗ್ಗ ಜಗ್ಗಿದ್ದು ನಾನಲ್ಲ, ಪುಟ್ಟಿ. ಅವಳಿಗೆ ಹಸಿವಾಗಿತ್ತು.

ಹಿಂದಿರುಗುವಾಗ ಮರಳಿನ ಪಟ್ಟಿ ಎರಡೂ ತುದಿಗಳಿಂದ ಕರಗುತ್ತಿತ್ತು. "ನಿಮಗೆ ಈಜು ಯಾಕೆ ಬರಲ್ಲ ತಾತ?" ಎಂದು ಪುಟ್ಟಿ ಕೇಳಿದಳು. ಹೇಳಿದೆ. ಅವಳು ತಮ್ಮನ ಹೆಸರು ಕೇಳಿದಳು. ಆ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ, ಅವತ್ತು ಹೇಳಿದೆ. ಮಗನೂ ಮೊದಲ ಸಲ ಕೇಳಿದ್ದು.

ಈಗ ಪುಟ್ಟಿ ಅಲ್ಲಿ ಈಜು ಕಲಿಯುತ್ತಿದ್ದಾಳೆ. ರಜೆಗೆ ಮೆಟ್ರಿಗೆ ಬರುತ್ತಾಳೆ. ಹೋದ ವಾರ ಫೋನಿನಲ್ಲಿ, "ತಾತ, ನೋಟುಬುಕ್ ತೆಗೀರಿ. ಕಂಪ್ಲಿ ಹೊಳೆಯಲ್ಲಿ ನೀರು ಎಷ್ಟು ಗಂಟೆಗೆ ಬರುತ್ತೆ?" ಎಂದು ಕೇಳಿದಳು.

"ಅದು ಚಂದ್ರನ ಮಾತು ಕೇಳಂಗಿಲ್ಲವ್ವ, ಡ್ಯಾಮಿನ ಗೇಟಿನ ಮಾತು ಕೇಳ್ತದ. ಮಳೆಗಾಲದಾಗ ಗೇಟು ಎತ್ತಿದ್ರ ನಮ್ಮ ಸೇತುವೆನ ಮುಳುಗ್ತದ" ಎಂದೆ.

"ಹಾಗಾದ್ರೆ ಡ್ಯಾಮಿನವರಿಗೆ ಕೇಳಿ ಬರೆದಿಟ್ಟಿರಿ. ಹಗ್ಗ ನಾನು ತರ್ತೀನಿ."