ಹೇಳದೆ ಉಳಿದ ಮಾತು

ಮನೆಯ ಗುಟ್ಟು ಹೊಸಿಲು ದಾಟಬಾರದೆಂಬುದು ನಮ್ಮ ಬಿ.ದುರ್ಗ ಹೋಬಳಿಯ ಹಿರಿಯರು ಹೆಣ್ಣುಮಕ್ಕಳಿಗೆ ಕಲಿಸುತ್ತ ಬಂದ ಪಾಠ. ಆ ಸೀಮೆಯಲ್ಲೇ ಹುಟ್ಟಿ ಬೆಳೆದು, ಆಪ್ತಸಮಾಲೋಚಕಿಯಾಗಿ ಅನೇಕ ವರ್ಷ ಕಳೆದ ನನ್ನೆದುರು ಬಹುಪಾಲು ಜನ ಆಡುವ ಮೊದಲ ಮಾತು ಒಂದೇ: "ಏನೂ ಇಲ್ಲ ಮೇಡಂ, ಎಲ್ಲ ಚೆನ್ನಾಗಿದ್ದೀವಿ." ಚೆನ್ನಾಗಿರುವವರು ಬಸ್ಸು ಹತ್ತಿ ಸಮಾಲೋಚಕಿಯನ್ನು ಹುಡುಕಿಕೊಂಡು ಬರುವುದಿಲ್ಲವಷ್ಟೆ! ಆಗ ಬಾಯಿಯ ಜೊತೆಗೆ ಮೈಯ ಮಾತನ್ನೂ ಆಲಿಸಬೇಕಾಗುತ್ತದೆ.

ಒಬ್ಬ ಸೊಸೆಯ ಸಂಗತಿ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ನಾನು ಕೇಳಿದ ಪ್ರತಿ ಪ್ರಶ್ನೆಗೂ ಜೊತೆಗೆ ಬಂದ ಅತ್ತೆಯೇ ಉತ್ತರ ಕೊಡುತ್ತಿದ್ದರು: "ತಲೆನೋವು ಅಂತಾಳೆ, ಊಟ ಸೇರಲ್ಲ." ಸೊಸೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು. ಮಕ್ಕಳ ಶಾಲೆಯ ವಿಷಯ ಬಂದಾಗ ಕೈ ಸಡಿಲವಾಯಿತು. ಅಡಿಕೆ ತೋಟಕ್ಕೆ ಬೋರ್‌ವೆಲ್ ಕೊರೆಸಿದ ಸಾಲದ ಮಾತು ಬರುತ್ತಲೇ ಬೆರಳು ನಿಂತಿತು. ಉಸಿರೂ ಒಂದು ಕ್ಷಣ ನಿಂತಂತಾಯಿತು. "ಅಮ್ಮಾ, ನೀವು ಸ್ವಲ್ಪ ಹೊರಗೆ ಕೂತು ಟೀ ಕುಡಿದು ಬನ್ನಿ" ಎಂದು ಅತ್ತೆಯವರನ್ನು ಕಳುಹಿಸಿ, ನನ್ನ ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡೆ. "ಸಾಲದ ಮಾತು ಬಂದಾಗ ನಿನ್ನ ಕೈ ನಿಂತಿತಲ್ಲ ತಾಯಿ, ಆಗ ಏನು ನೆನಪಾಯಿತು?" ಬಹಳ ಹೊತ್ತು ಮೌನ. ಅದನ್ನು ತುಂಬಲು ನಾನು ಹೋಗಲಿಲ್ಲ. ಅನಂತರ ಅಳು ಬಂತು. ಅಳುವಿನ ಹಿಂದೆಯೇ, ತೋಟಕ್ಕೆ ಹೊಡೆಯುವ ಔಷಧಿಯ ಡಬ್ಬವನ್ನು ತಾನು ಬಚ್ಚಿಟ್ಟಿರುವ ಸುದ್ದಿ. ಸಾಯುವ ಯೋಚನೆ ಬಂದಿದೆಯೇ ಎಂದು ನೇರವಾಗಿ ಕೇಳಿದೆ. (ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟೀತೆಂದು ಅನೇಕರು ಅಂಜುತ್ತಾರೆ, ಆ ಅಂಜಿಕೆಗೆ ಆಧಾರವಿಲ್ಲ.) ಮೊದಲ ಬಾರಿಗೆ ತಲೆಯೆತ್ತಿ, "ನನಗಲ್ಲ, ಅವರಿಗೆ ಬಂದೈತೆ" ಎಂದಳು. ಮರುದಿನವೇ ಅವಳ ಗಂಡನನ್ನು ಮನೋವೈದ್ಯರ ಬಳಿಗೆ ಕರೆದೊಯ್ಯಲಾಯಿತು.

ಬೆರಳು ನಿಂತದ್ದರಿಂದ ನನಗೆ ಸಾಲವೂ ತಿಳಿಯಲಿಲ್ಲ, ವಿಷವೂ ತಿಳಿಯಲಿಲ್ಲ. ಎಲ್ಲಿ ಕೇಳಬೇಕೆಂಬುದಷ್ಟೇ ತಿಳಿಯಿತು. ಕೈಕಟ್ಟಿದವನು ಮನಸ್ಸು ಮುಚ್ಚಿದವನು, ಕಣ್ಣು ತಪ್ಪಿಸುವವನು ಸುಳ್ಳುಗಾರ ಎಂದು ಪಟ್ಟಿ ಒಪ್ಪಿಸುವ ಪುಸ್ತಕಗಳ ಬಗ್ಗೆ ನನಗೆ ಗೌರವವಿಲ್ಲ. ಹಿರಿಯರೆದುರು ಕಣ್ಣು ತಗ್ಗಿಸುವುದು ನಮ್ಮಲ್ಲಿ ಮರ್ಯಾದೆ; ಮಾಗಿಯ ಚಳಿಯಲ್ಲಿ ಕೈಕಟ್ಟದವರಾರು? ಮಾತಿನ ಅರ್ಥದಲ್ಲಿ ಪದಗಳ ಪಾಲು ನೂರಕ್ಕೆ 7 ಮಾತ್ರ ಎಂದು ಭಾಷಣಕಾರರು ಹೇಳುವುದುಂಟು. 1967ರಲ್ಲಿ ಆಲ್ಬರ್ಟ್ ಮೆಹ್ರಾಬಿಯನ್ ಪ್ರಕಟಿಸಿದ ಪ್ರಯೋಗಗಳಿಂದ ಎತ್ತಿಕೊಂಡ ಲೆಕ್ಕವದು. ಬಿಡಿ ಪದಗಳು, ದನಿ, ಮುಖಭಾವದ ಚಿತ್ರಗಳನ್ನಿಟ್ಟು ನಡೆಸಿದ ಆ ಪ್ರಯೋಗಗಳು ಇಷ್ಟಾನಿಷ್ಟದ ಭಾವಕ್ಕೆ ಮಾತ್ರ ಸಂಬಂಧಿಸಿದವು. ಎಲ್ಲ ಮಾತುಕತೆಗೂ ಅನ್ವಯಿಸುವುದಿಲ್ಲವೆಂದು ಅವರೇ ಹೇಳಿದ್ದಾರೆ. ಆದುದರಿಂದ ಒಬ್ಬರನ್ನು ಇನ್ನೊಬ್ಬರೊಡನೆ ಹೋಲಿಸದೆ, ಅದೇ ವ್ಯಕ್ತಿಯ ಹಿಂದಿನ ಗಳಿಗೆಯೊಡನೆ ಹೋಲಿಸುವುದು ಲೇಸು.

ಕಾಯಿಲೆಯೂ ವೇಷ ಹಾಕುತ್ತದೆ. ಭಾವವಿಲ್ಲದ ಮುಖ, ನಿಧಾನದ ನಡಿಗೆ ಪಾರ್ಕಿನ್ಸನ್ ರೋಗದ್ದಿರಬಹುದು; ಕೈನಡುಕ ಥೈರಾಯ್ಡಿನದಿರಬಹುದು; ಕುಳಿತಲ್ಲಿ ಕೂರಲಾಗದ ಚಡಪಡಿಕೆ ಕೆಲವು ಮನೋರೋಗದ ಔಷಧಿಗಳಿಂದಲೇ ಬಂದಿರಬಹುದು. ಇನ್ನೊಂದೆಡೆ, ಸಂಕಟವೇ ಮೈನೋವಾಗಿ ಬರುವುದೂ ಉಂಟು. ದಕ್ಷಿಣ ಕನ್ನಡದ ಹವ್ಯಕ ಮಹಿಳೆಯರ ನಡುವೆ ಅಧ್ಯಯನ ನಡೆಸಿದ ಮಾನವಶಾಸ್ತ್ರಜ್ಞ ಮಾರ್ಕ್ ನಿಕ್ಟರ್, ಬಾಯಿಬಿಟ್ಟು ಹೇಳಲಾಗದ ಅಳಲು ದೇಹದ ದೂರುಗಳ ಮೂಲಕವೂ ಹೊರಬರುವುದನ್ನು 1981ರ ಲೇಖನದಲ್ಲಿ ವಿವರಿಸಿದರು. "ಎದೆ ಭಾರ" ಎನ್ನುವ ತಾಯಿಯನ್ನು ಮೊದಲು ವೈದ್ಯರಿಗೆ ತೋರಿಸೋಣ. ವರದಿ ಸರಿಯಿದ್ದರೂ ಅವಳ ನೋವು ಸುಳ್ಳಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಗೆ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಸಾಮಾನ್ಯ ಕರೆಯಲ್ಲಿ ಮುಖ ಕಾಣದು. ಆಲಿಸುವವರಿಗೆ ಉಳಿಯುವುದು ದನಿ, ತಡವರಿಕೆ, ನಿಟ್ಟುಸಿರು. ದನಿ ಇದ್ದಕ್ಕಿದ್ದಂತೆ ಪಿಸುಮಾತಿಗಿಳಿದರೆ, "ಪಕ್ಕದಲ್ಲಿ ಯಾರಾದರೂ ಇದ್ದಾರಾ ಅಮ್ಮಾ? ಹೌದು, ಇಲ್ಲ ಅಂದರೆ ಸಾಕು" ಎಂದು ನಾನಾದರೆ ಕೇಳುತ್ತೇನೆ.